ಹೆಸರು ಹೇಳದ ಉಪ್ಪು

ಮುಂಗಾರು ಹಿಡಿಯುವ ಹೊತ್ತಿಗೆ ಮಲೆನಾಡಿನ ಅಡಿಕೆ ತೋಟಗಳಲ್ಲಿ ಡ್ರಮ್ಮುಗಳು ಸಾಲುಗಟ್ಟಿ ಕೂರುತ್ತವೆ. ಒಂದರಲ್ಲಿ ಮೈಲುತುತ್ತ ಕರಗಿಸಿದ ನೀಲಿ ನೀರು, ಇನ್ನೊಂದರಲ್ಲಿ ಸೋಸಿದ ಸುಣ್ಣದ ನೀರು. ಎರಡೂ ಬೆರೆತರೆ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ಮದ್ದು. ಲೆಕ್ಕ ಎಲ್ಲರಿಗೂ ಬಾಯಿಪಾಠ: ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಹಾಗಿದ್ದೂ ಮರ ಹತ್ತುವವರು ಸಜ್ಜಾಗುವ ಮುನ್ನ ಮನೆಯ ಹಿರಿಯರೊಬ್ಬರು ಉಜ್ಜಿ ಹೊಳಪು ಮಾಡಿದ ಕತ್ತಿಯೊಂದನ್ನು ಮದ್ದಿನಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಮೇಲೆತ್ತಿ ನೋಡುತ್ತಾರೆ. ಅಲಗು ಮೊದಲಿನಂತೆಯೇ ಇದ್ದರೆ ಮದ್ದು ಹದವಾಗಿದೆ. ತಾಮ್ರದ ಬಿಂದಿಗೆಯ ಕೆಂಪು ಹತ್ತಿದ್ದರೆ “ಸುಣ್ಣ ಸಾಲ್ದು, ಇನ್ನೊಂಚೂರು ಹಾಕು” ಎಂಬ ಮಾತು ಬರುತ್ತದೆ.

ಕತ್ತಿಗೆ ಕೆಂಪು ಹತ್ತುವುದೇಕೆ? ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಸುಣ್ಣ ಸಾಲದೆ ಹೋದರೆ ಒಂದಷ್ಟು ತಾಮ್ರ ನೀರಿನಲ್ಲಿ ಬಿಡಿಯಾಗಿಯೇ ಉಳಿಯುತ್ತದೆ. ಕಬ್ಬಿಣದ ಅಲಗು ಸಿಕ್ಕಿದರೆ ಕಬ್ಬಿಣ ತಾನು ನೀರಿಗಿಳಿದು ತಾಮ್ರವನ್ನು ಹೊರಗೆ ತಳ್ಳುತ್ತದೆ. ತಳ್ಳಿಸಿಕೊಂಡ ತಾಮ್ರ ಅಲಗಿನ ಮೇಲೆಯೇ ಕೂರುತ್ತದೆ. ಅದೇ ಬಿಡಿ ತಾಮ್ರ ಗೊನೆಯ ಮೇಲೆ ಬಿದ್ದರೆ ಎಳೆಯ ಕಾಯಿ ಸುಟ್ಟುಹೋಗುತ್ತದೆ. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 20ನೇ ಶತಮಾನದ ಆರಂಭದಲ್ಲಿ ಕೊಳೆ ರೋಗದ ಬೆನ್ನುಹತ್ತಿ ಬೋರ್ಡೋ ಮದ್ದನ್ನು ಇಲ್ಲಿನ ತೋಟಗಳಿಗೆ ತಂದರು. ಕತ್ತಿಯ ಪರೀಕ್ಷೆ ಇಂದಿಗೂ ಆ ಮದ್ದಿನ ಜೊತೆಗೇ ಇದೆ.

ಕತ್ತಿ ಅದ್ದುವ ಹಿರಿಯರು ತಮ್ಮನ್ನು ರಸಾಯನ ವಿಜ್ಞಾನಿ ಎಂದುಕೊಳ್ಳುವುದಿಲ್ಲ. ಆದರೆ ಅವರು ಮಾಡಿದ್ದು ಅಪ್ಪಟ ರಾಸಾಯನಿಕ ವಿಶ್ಲೇಷಣೆ. ಕಣ್ಣಿಗೆ ಕಾಣದ ವಸ್ತುವಿಗೆ ಒಂದು ಪ್ರಶ್ನೆ ಹಾಕಿದರು, ಅದು ಬಣ್ಣದಲ್ಲಿ ಉತ್ತರ ಕೊಟ್ಟಿತು. ಪಿಯುಸಿ ವಿಜ್ಞಾನ ಓದಿದವರೆಲ್ಲ ‘ಸಾಲ್ಟ್ ಅನಾಲಿಸಿಸ್’ ಎಂಬ ಹೆಸರಿನಲ್ಲಿ ಇದೇ ಕೆಲಸವನ್ನು ಮಾಡಿರುತ್ತಾರೆ. ಅನೇಕರಿಗೆ ನೆನಪಿರುವುದು ಕೊಳೆತ ಮೊಟ್ಟೆಯ ನಾತ ಮತ್ತು ಜರ್ನಲಿನ ಮೇಲೆ ಬಿದ್ದ ಆ್ಯಸಿಡ್‌ನ ತೂತು ಮಾತ್ರ. ಪಾಪ, ಅದರ ಹಿಂದಿರುವ ಪತ್ತೇದಾರಿ ಕತೆ ಯಾರೂ ಹೇಳಿರುವುದಿಲ್ಲ.

ಲ್ಯಾಬಿನಲ್ಲಿ ವಿದ್ಯಾರ್ಥಿಯ ಕೈಗೆ ಒಂದು ಚಿಟಿಕೆ ಪುಡಿ ಬರುತ್ತದೆ. ಅದರಲ್ಲಿ ಎರಡು ಭಾಗ: ಒಂದು ಧನ ಅಯಾನು, ಒಂದು ಋಣ ಅಯಾನು. ಅಡುಗೆ ಉಪ್ಪಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಇದ್ದಹಾಗೆ. ಎರಡರ ಹೆಸರೂ ಹೇಳಬೇಕು.

ಬಣ್ಣ ಕೆಲವೊಮ್ಮೆ ಅರ್ಧ ಗುಟ್ಟು ಬಿಟ್ಟುಕೊಡುತ್ತದೆ. ನೀಲಿ ಹರಳಾದರೆ ತಾಮ್ರದ ಗುಮಾನಿ, ತಿಳಿ ಹಸಿರಾದರೆ ಅನ್ನಭೇದಿ ಅಂದರೆ ಕಬ್ಬಿಣದ ಸಲ್ಫೇಟ್ ಇರಬಹುದು, ಗುಲಾಬಿಯಾದರೆ ಕೋಬಾಲ್ಟ್. ಆದರೆ ಪಟಿಕ, ನವಸಾಗರ, ಬಿಳಿಗಾರ, ಅಡುಗೆ ಸೋಡಾ, ಪಾಷಾಣ ಎಲ್ಲವೂ ಬಿಳಿ. ಒಂದು ಗಾಯಕ್ಕೆ ಹಚ್ಚುವಂಥದ್ದು, ಒಂದು ಪಾತ್ರೆಗೆ ಕಲಾಯಿ ಹಾಕುವಾಗ ಬೇಕಾಗುವಂಥದ್ದು, ಒಂದು ಬೋಂಡಾ ಉಬ್ಬಿಸುವಂಥದ್ದು, ಒಂದು ಪ್ರಾಣ ತೆಗೆಯುವಂಥದ್ದು. ಕಣ್ಣು ಇಲ್ಲಿ ಕೈಕೊಡುತ್ತದೆ. ನಾಲಿಗೆಯನ್ನು ನಂಬುವಂತೆಯೇ ಇಲ್ಲ. 18ನೇ ಶತಮಾನದ ಸ್ವೀಡನ್ನಿನ ಮಹಾ ರಸಾಯನಜ್ಞ ಕಾರ್ಲ್ ಶೀಲೆಗೆ ಎಲ್ಲದರ ರುಚಿ ನೋಡುವ ಚಟವಿತ್ತು. ಹೈಡ್ರೋಜನ್ ಸಯನೈಡಿನ ರುಚಿಯನ್ನೂ ಅವನು ಬರೆದಿಟ್ಟಿದ್ದಾನೆ. ಸತ್ತಾಗ ಅವನಿಗೆ 43 ವರ್ಷ.

ಹಾಗಾಗಿ ಪುಡಿಯನ್ನೇ ಮಾತಾಡಿಸಬೇಕು. ಒಂದು ಉದಾಹರಣೆಯನ್ನೇ ಹಿಡಿದು ಹೊರಡೋಣ. ಒಣ ಟೆಸ್ಟ್ ಟ್ಯೂಬಿನಲ್ಲಿ ಬಿಳಿ ಪುಡಿಯನ್ನು ಹಾಕಿ ಕಾಯಿಸಿದಾಗ ಒಗ್ಗರಣೆಗೆ ಹಾಕಿದ ಸಾಸಿವೆಯಂತೆ ಚಟಪಟ ಸಿಡಿಯಿತು, ಕಂದು ಬಣ್ಣದ ಗಾಳಿ ಎದ್ದಿತು ಎನ್ನೋಣ. ಸಿಡಿದ ಸದ್ದು ಒಂದು ಸುಳಿವು, ಕಂದು ಗಾಳಿ ಇನ್ನೊಂದು. ಇದು ನೈಟ್ರೇಟ್ ಇರಬಹುದು. ‘ಇರಬಹುದು’ ಎಂಬ ಮಾತು ಇಲ್ಲಿ ಮುಖ್ಯ. ಗುಮಾನಿಯನ್ನು ಖಚಿತ ಮಾಡಿಕೊಳ್ಳಲು ಬೇರೊಂದು ಪರೀಕ್ಷೆ ಬೇಕು. ಪುಡಿಯ ದ್ರಾವಣಕ್ಕೆ ಆಗತಾನೆ ತಯಾರಿಸಿದ ಅನ್ನಭೇದಿಯ ನೀರು ಬೆರೆಸಿ, ಟೆಸ್ಟ್ ಟ್ಯೂಬನ್ನು ಓರೆಯಾಗಿ ಹಿಡಿದು, ಗಾಜಿನ ಗೋಡೆಗುಂಟ ಗಾಢ ಸಲ್ಫ್ಯೂರಿಕ್ ಆಮ್ಲವನ್ನು ತೊಟ್ಟು ತೊಟ್ಟಾಗಿ ಇಳಿಬಿಡಬೇಕು. ಭಾರವಾದ ಆಮ್ಲ ತಳ ಸೇರುತ್ತದೆ. ಎರಡು ದ್ರವಗಳೂ ಸಂಧಿಸುವ ಕಡೆ ಕಂದು ಬಣ್ಣದ ಉಂಗುರವೊಂದು ಮೂಡುತ್ತದೆ. ಕೈ ಅಲುಗಿತೋ, ಉಂಗುರ ಮಾಯ. ಪರೀಕ್ಷೆಯ ದಿನ ಪರೀಕ್ಷಕರನ್ನು ಕರೆದು ತೋರಿಸುವಷ್ಟರಲ್ಲಿ ಉಂಗುರ ಕಳೆದುಕೊಂಡವರು ಶಕುಂತಲೆಯಷ್ಟೇ ನೊಂದಿರುತ್ತಾರೆ.

ಋಣ ಅಯಾನು ಸಿಕ್ಕಿತು. ಇನ್ನು ಧನ ಅಯಾನು. ದ್ರಾವಣಕ್ಕೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದಾಗ ಬಿಳಿ ಗಷ್ಟು ಕೂತಿತು. ಪಠ್ಯಪುಸ್ತಕ ಇದನ್ನು ಪ್ರಕ್ಷೇಪ ಎನ್ನುತ್ತದೆ, ಲ್ಯಾಬಿನ ಬಾಯಲ್ಲಿ ಅದು ‘ಪ್ರೆಸಿಪಿಟೇಟ್’. ಹೀಗೆ ಗಷ್ಟು ಕೊಡುವ ಲೋಹಗಳು ಮುಖ್ಯವಾಗಿ ಮೂರು: ಬೆಳ್ಳಿ, ಸೀಸ, ಪಾದರಸದ ಒಂದು ರೂಪ. ನೀರು ಹಾಕಿ ಕುದಿಸಿದರೆ ಗಷ್ಟು ಪೂರ್ತಿ ಕರಗಿತು, ತಣಿಸಿದಾಗ ಸೂಜಿಯಂಥ ಹರಳುಗಳಾಗಿ ಮರಳಿ ಬಂತು. ಬಿಸಿನೀರಿನಲ್ಲಿ ಕರಗುವುದು ಸೀಸದ ಕ್ಲೋರೈಡ್ ಮಾತ್ರ. ಕೊನೆಯ ರುಜುವಾತಿಗೆ ಪೊಟ್ಯಾಸಿಯಂ ಅಯೊಡೈಡ್ ಹಾಕಿದರೆ ನಿಂಬೆಹಣ್ಣಿನ ಹಳದಿ. ಆ ಹಳದಿಯನ್ನು ಬಿಸಿನೀರಿನಲ್ಲಿ ಕರಗಿಸಿ ಸುಮ್ಮನೆ ತಣಿಯಲು ಬಿಟ್ಟರೆ ಟೆಸ್ಟ್ ಟ್ಯೂಬಿನೊಳಗೆ ಬಂಗಾರದ ರೇಕುಗಳು ಮಿನುಗುತ್ತಾ ಇಳಿಯುತ್ತವೆ. ಇಡೀ ಪಿಯುಸಿ ಲ್ಯಾಬಿನಲ್ಲಿ ಇಷ್ಟು ಚೆಂದದ ನೋಟ ಇನ್ನೊಂದಿಲ್ಲ. ಪುಡಿಯ ಹೆಸರು ಸೀಸದ ನೈಟ್ರೇಟ್.

ಸೀಸ ಮೊದಲ ಮೆಟ್ಟಿಲಿನಲ್ಲೇ ಸಿಕ್ಕಿತು. ಸಿಗದೇ ಹೋಗಿದ್ದರೆ? ಆಗ ಬರುವುದೇ ಗ್ರೂಪುಗಳ ಸಾಲು. ಕಣದಲ್ಲಿ ಕಾಳು ಹಸನು ಮಾಡುವವರು ದೊಡ್ಡ ಕಣ್ಣಿನ ಜರಡಿಯಿಂದ ಶುರುಮಾಡಿ ಸಣ್ಣ ಕಣ್ಣಿನದಕ್ಕೆ ಬರುತ್ತಾರಷ್ಟೆ? ಇಲ್ಲಿಯೂ ಅದೇ ಉಪಾಯ. ಆಮ್ಲ ಬೆರೆತ ದ್ರಾವಣಕ್ಕೆ ಹೈಡ್ರೋಜನ್ ಸಲ್ಫೈಡ್ ಅನಿಲ ಹಾಯಿಸಿದರೆ ತಾಮ್ರ ಕಪ್ಪಾಗಿ, ಆರ್ಸೆನಿಕ್ ಹಳದಿಯಾಗಿ, ಆಂಟಿಮನಿ ಕಿತ್ತಳೆಯಾಗಿ ಕೂರುತ್ತದೆ. ಈ ಹಳದಿ ಬೇರೇನೂ ಅಲ್ಲ, ನಾಟಿ ವೈದ್ಯರ ಪೆಟ್ಟಿಗೆಯ ಹರಿತಾಳವೇ. ಸತು, ಮ್ಯಾಂಗನೀಸ್, ನಿಕ್ಕಲ್‌ಗಳ ಸಲ್ಫೈಡುಗಳು ಇಲ್ಲಿ ಕೂರುವುದಿಲ್ಲ, ಏಕೆಂದರೆ ಆಮ್ಲವಿದ್ದಾಗ ನೀರಿನಲ್ಲಿ ಸಲ್ಫೈಡಿನ ಪ್ರಮಾಣ ತೀರಾ ಕಡಿಮೆ. ಕರಗುವುದೇ ಇಲ್ಲ ಎನ್ನುವಂಥ ಹಟಮಾರಿ ಸಲ್ಫೈಡುಗಳಿಗೆ ಅಷ್ಟೇ ಸಾಕು, ಉಳಿದವಕ್ಕೆ ಸಾಲದು. ಮುಂದೆ ಅಮೋನಿಯಾ ಹಾಕಿ ಆಮ್ಲವನ್ನು ಅಡಗಿಸಿ ಅದೇ ಅನಿಲ ಹಾಯಿಸಿದರೆ ಅವೂ ಸೋಲುತ್ತವೆ: ಸತು ಬಿಳಿಯಾಗಿ, ಮ್ಯಾಂಗನೀಸ್ ಮೈಬಣ್ಣವಾಗಿ, ನಿಕ್ಕಲ್ ಮತ್ತು ಕೋಬಾಲ್ಟ್ ಕಪ್ಪಾಗಿ. ಎರಡರ ನಡುವೆ ಕಬ್ಬಿಣ, ಅಲ್ಯೂಮಿನಿಯಂಗಳ ಸರದಿ. ಆಮೇಲೆ ಬೇರಿಯಂ, ಸ್ಟ್ರಾಂಷಿಯಂ, ಕ್ಯಾಲ್ಸಿಯಂ. ಕಟ್ಟಕಡೆಗೆ ಮೆಗ್ನೀಸಿಯಂ. ಅಮೋನಿಯಂ ಮಾತ್ರ ಯಾವ ಜರಡಿಗೂ ಸಿಗದು. ಜರಡಿ ಹಿಡಿಯುವಾಗ ಅಮೋನಿಯಾವನ್ನು ನಾವೇ ಸುರಿಯುತ್ತೇವಾದ್ದರಿಂದ ಅದರ ವಿಚಾರಣೆ ಎಲ್ಲಕ್ಕಿಂತ ಮೊದಲು ಮುಗಿಯಬೇಕು.

ಈ ಸಾಲು ತಪ್ಪಿದರೆ ಎಲ್ಲವೂ ತಪ್ಪು. ಎರಡನೆಯ ಜರಡಿಯಲ್ಲಿ ತಾಮ್ರವನ್ನು ಪೂರ್ತಿ ತೆಗೆಯದೆ ಮುಂದೆ ಹೋದವನಿಗೆ ನಾಲ್ಕನೆಯದರಲ್ಲಿ ಕಪ್ಪು ಗಷ್ಟು ಕಾಣುತ್ತದೆ, ಅವನು ನಿಕ್ಕಲ್ ಎಂದು ಬರೆಯುತ್ತಾನೆ. ಅಂದರೆ ‘ಇಲ್ಲಿ ಏನೂ ಕಾಣಲಿಲ್ಲ’ ಎಂಬ ಉತ್ತರಕ್ಕೂ ‘ಇಲ್ಲಿ ಕಪ್ಪಾಯಿತು’ ಎಂಬ ಉತ್ತರದಷ್ಟೇ ಬೆಲೆ. ಏನೂ ಕಾಣದಿದ್ದಾಗಲೇ ಮುಂದಿನ ಬಾಗಿಲು ತೆರೆಯುವುದು.

ಈ ಕ್ರಮಕ್ಕೆ ಒಪ್ಪ ಓರಣ ತಂದವರು ಜರ್ಮನಿಯ ರೆಮಿಗಿಯಸ್ ಫ್ರೆಸೇನಿಯಸ್. ತಮ್ಮ ಅಭ್ಯಾಸಕ್ಕೆಂದು ಗುರುತು ಹಾಕಿಕೊಂಡದ್ದನ್ನು 1841ರಲ್ಲಿ ಪುಸ್ತಕವಾಗಿ ಪ್ರಕಟಿಸಿದಾಗ ಅವರಿಗೆ ಇಪ್ಪತ್ತಮೂರೂ ತುಂಬಿರಲಿಲ್ಲ. ಪುಸ್ತಕ ಹಲವು ಭಾಷೆಗಳಿಗೆ ಹೋಯಿತು. ಕರ್ನಾಟಕದ ಕಾಲೇಜುಗಳ ಗೋಡೆಗೆ ತೂಗುಹಾಕಿದ ಗ್ರೂಪು ಪಟ್ಟಿಯೂ ಅದೇ ಮರದ ಕೊಂಬೆ.

ಆದರೆ ಬಣ್ಣ ನೋಡಿ ವಸ್ತು ಹಿಡಿಯುವ ಜಾಣತನ ಅದಕ್ಕಿಂತ ಬಹಳ ಹಳೆಯದು. ಅನ್ನಭೇದಿ ಮತ್ತು ಅಳಲೆಕಾಯಿ ಸೇರಿದರೆ ಕಪ್ಪು ಮಸಿ ಆಗುತ್ತದೆಂದು ನಮ್ಮ ಹಳೆಯ ಲಿಪಿಕಾರರಿಗೆ ಗೊತ್ತಿತ್ತು. ರೋಮಿನ ಪ್ಲಿನಿ ಒಂದನೇ ಶತಮಾನದಲ್ಲೇ ಇದೇ ಗುಣವನ್ನು ಕಳ್ಳರನ್ನು ಹಿಡಿಯಲು ಬಳಸುವ ಬಗೆ ಬರೆದ. ತಾಮ್ರದ ಕಿಲುಬು ಅಂದಿನ ದುಬಾರಿ ಬಣ್ಣ, ಅದಕ್ಕೆ ಅಗ್ಗದ ಅನ್ನಭೇದಿ ಬೆರೆಸಿ ಮಾರುವವರಿದ್ದರು. ಮಾಚಿಕಾಯಿಯ ರಸದಲ್ಲಿ ನೆನೆಸಿದ ಪ್ಯಾಪಿರಸ್ ಹಾಳೆಗೆ ಮಾಲನ್ನು ಸೋಕಿಸಬೇಕು, ಕಪ್ಪಾದರೆ ಕಲಬೆರಕೆ. ಲಿಟ್ಮಸ್ ಕಾಗದದ ಮುತ್ತಜ್ಜ ಎನ್ನಬಹುದು. ಅಷ್ಟು ದೂರವೇಕೆ, ಅರಿಸಿನಕ್ಕೆ ಸುಣ್ಣ ಸೋಕಿಸಿ ಆರತಿಯ ಓಕುಳಿ ಕೆಂಪು ಮಾಡುವ ಪ್ರತಿ ಮನೆಯಲ್ಲೂ ಕ್ಷಾರದ ಪರೀಕ್ಷೆ ನಡೆದೇ ಇದೆ. ಅರಿಸಿನದ ಕಲೆಯಾದ ಬಟ್ಟೆಗೆ ಸೋಪು ಹಚ್ಚಿದಾಗ ಕೆಂಪಾಗುವುದೂ ಅದೇ ಕಾರಣಕ್ಕೆ.

ಗ್ಯಾಸ್ ಒಲೆಯ ಮೇಲೆ ಸಾರು ಉಕ್ಕಿದಾಗ ನೀಲಿ ಉರಿ ತಟ್ಟನೆ ಹಳದಿಯಾಗುವುದನ್ನು ನೋಡದವರಿಲ್ಲ. ಉಪ್ಪಿನ ಸೋಡಿಯಂ ಉರಿಯಲ್ಲಿ ಕೊಡುವ ರುಜು ಅದು. ಕಾವಿನಲ್ಲಿ ಸೋಡಿಯಂ ಪರಮಾಣುವಿನ ಇಲೆಕ್ಟ್ರಾನು ಒಂದು ಮೆಟ್ಟಿಲು ಮೇಲೆ ಹಾರಿ, ಕೆಳಗಿಳಿಯುವಾಗ ಪಡೆದ ಶಕ್ತಿಯನ್ನು ಬೆಳಕಾಗಿ ಬಿಡುತ್ತದೆ. ಪ್ರತಿ ಲೋಹಕ್ಕೂ ಮೆಟ್ಟಿಲುಗಳ ಎತ್ತರ ಬೇರೆ, ಆದ್ದರಿಂದ ಬೆಳಕಿನ ಬಣ್ಣವೂ ಬೇರೆ. ಕ್ಯಾಲ್ಸಿಯಂಗೆ ಇಟ್ಟಿಗೆಗೆಂಪು, ಸ್ಟ್ರಾಂಷಿಯಂಗೆ ಕಡುಗೆಂಪು, ಬೇರಿಯಂಗೆ ಎಳೆಹಸಿರು, ಪೊಟ್ಯಾಸಿಯಂಗೆ ತಿಳಿ ನೇರಳೆ. ದೀಪಾವಳಿಯ ಹೂಕುಂಡ, ಮತಾಪುಗಳ ಕೆಂಪು ಹಸಿರುಗಳು ಇವೇ. ಪಟಾಕಿಗಳಲ್ಲಿ ಬೇರಿಯಂ ಬಳಕೆಯನ್ನು ಸುಪ್ರೀಂ ಕೋರ್ಟ್ 2018ರಲ್ಲಿ ನಿಷೇಧಿಸಿತು.

ಲ್ಯಾಬಿನಲ್ಲಿ ಪ್ಲಾಟಿನಂ ತಂತಿಯನ್ನು ಆಮ್ಲದಲ್ಲಿ ಅದ್ದಿ, ಪುಡಿ ಹತ್ತಿಸಿ ಬರ್ನರಿನ ಉರಿಗೆ ಹಿಡಿಯುತ್ತಾರೆ. ಸಲೀಸು ಕೆಲಸ, ಆದರೆ ಸೋಡಿಯಂ ಎಂಬ ಗಲಾಟೆಗಾರ ಅಲ್ಲಿ ಯಾರಿಗೂ ಮಾತಾಡಲು ಬಿಡುವುದಿಲ್ಲ. ಬೆವರಿದ ಬೆರಳಿನಿಂದ ತಂತಿ ಮುಟ್ಟಿದರೂ ಉರಿ ಹಳದಿ. ಅಂಗಡಿಯಲ್ಲಿ ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಧಾರಾಳವಾಗಿ ಬೆರೆತಿರುತ್ತದೆ. ಉರಿಗೆ ಹಿಡಿದರೆ ಕಾಣುವುದು ಮಾತ್ರ ಹಳದಿಯೇ. ನೇರಳೆ ಕಾಣಬೇಕೆಂದರೆ ಹಳದಿಯನ್ನು ನುಂಗುವ ನೀಲಿ ಕೋಬಾಲ್ಟ್ ಗಾಜಿನ ಮೂಲಕ ನೋಡಬೇಕು.

ಸೋಡಿಯಂ ಎಷ್ಟು ಬಾಯಾಳಿ ಎಂಬುದನ್ನು ಹೈಡಲ್‌ಬರ್ಗಿನ ರಾಬರ್ಟ್ ಬುನ್ಸನ್ ಮತ್ತು ಗುಸ್ಟಾಫ್ ಕಿರ್ಕಾಫ್ ಅಳೆದೇ ತೋರಿಸಿದರು. ಬುನ್ಸನ್ 1855ರ ಹೊತ್ತಿಗೆ ರೂಪಿಸಿದ ಬರ್ನರಿನ ಉರಿಗೆ ತನ್ನದೇ ಬಣ್ಣ ಇಲ್ಲವೆನ್ನುವಷ್ಟು ಕಡಿಮೆ. ಆ ಉರಿಯ ಬೆಳಕನ್ನು ಕಿರ್ಕಾಫ್ ಪಟ್ಟಕದ ಮೂಲಕ ಹಾಯಿಸಿ ಬಣ್ಣಗಳನ್ನು ಗೆರೆಗಳಾಗಿ ಬಿಡಿಸಿದ. ಸುಮಾರು 60 ಘನ ಮೀಟರಿನ ಕೋಣೆಯ ಒಂದು ಮೂಲೆಯಲ್ಲಿ ಉಪಕರಣವಿಟ್ಟು, ದೂರದ ಮೂಲೆಯಲ್ಲಿ ಬರೀ 3 ಮಿಲಿಗ್ರಾಂ ಸೋಡಿಯಂ ಕ್ಲೋರೇಟನ್ನು ಹಾಲಿನ ಸಕ್ಕರೆಯ ಜೊತೆ ಸಿಡಿಸಿದರು. ಕೆಲವೇ ನಿಮಿಷದಲ್ಲಿ ಉರಿ ಹಳದಿಯಾಯಿತು. ಮಿಲಿಗ್ರಾಮಿನ ಮೂವತ್ತು ಲಕ್ಷದಲ್ಲಿ ಒಂದು ಪಾಲು ಸೋಡಿಯಂ ಲವಣವನ್ನೂ ಕಣ್ಣು ಹಿಡಿಯಬಲ್ಲದೆಂದು ಲೆಕ್ಕ ಹಾಕಿದರು. ಅದೇ ಉಪಕರಣಕ್ಕೆ 1860ರಲ್ಲಿ ಡ್ಯುರ್ಕ್‌ಹೈಮ್ ಊರಿನ ಚಿಲುಮೆ ನೀರಿನ ಅಂಶವನ್ನು ಹಿಡಿದಾಗ ಯಾರೂ ಕಂಡಿರದ ಎರಡು ನೀಲಿ ಗೆರೆಗಳು ಕಂಡವು. ಹೊಸ ಧಾತು! ಆಕಾಶನೀಲಿ ಎಂಬರ್ಥದ ಲ್ಯಾಟಿನ್ ಮಾತಿನಿಂದ ಸೀಸಿಯಂ ಎಂದು ಹೆಸರಿಟ್ಟರು. ಮರುವರ್ಷ ಕಡುಗೆಂಪು ಗೆರೆಯ ರುಬಿಡಿಯಂ. ಗೆರೆ ಕಂಡದ್ದು ಕ್ಷಣದಲ್ಲಿ. ಕೈಗೆ ಸಿಗುವಷ್ಟು ಮಾಲು ಬೇಕೆಂದಾಗ ಬುನ್ಸನ್ 44,000 ಲೀಟರ್ ನೀರನ್ನು ಬತ್ತಿಸಬೇಕಾಯಿತು. ದೊರೆತದ್ದು ಸೀಸಿಯಂ ಕ್ಲೋರೈಡ್ 7 ಗ್ರಾಮಿಗೆ ಸ್ವಲ್ಪ ಹೆಚ್ಚು.

ಲೆಕ್ಕ ಕೂಡದಿರುವುದೂ ಒಂದು ಸುಳಿವೇ. 1886ರಲ್ಲಿ ಜರ್ಮನಿಯ ಫ್ರೈಬರ್ಗಿನ ಕ್ಲೆಮೆನ್ಸ್ ವಿಂಕ್ಲರ್ ಎದುರು ಆರ್ಜಿರೋಡೈಟ್ ಎಂಬ ಬೆಳ್ಳಿಯ ಅದಿರಿತ್ತು. ಬೆಳ್ಳಿ ಇಷ್ಟು, ಗಂಧಕ ಇಷ್ಟು ಎಂದು ಎಷ್ಟು ಸಲ ಕೂಡಿದರೂ ನೂರಕ್ಕೆ ಆರೇಳು ಪಾಲು ಕಡಿಮೆ. ಬೇರೆಯವನಾಗಿದ್ದರೆ ತನ್ನ ತಕ್ಕಡಿಯನ್ನೇ ಬೈಯುತ್ತಿದ್ದ. ವಿಂಕ್ಲರ್ ತಿಂಗಳುಗಟ್ಟಲೆ ತಡಕಿ, ದ್ರಾವಣಕ್ಕೆ ಆಮ್ಲವನ್ನು ಧಾರಾಳವಾಗಿ ಸುರಿದಾಗ ಬಿಳಿ ಸಲ್ಫೈಡೊಂದು ಕೂತಿತು. ಅದು ಜರ್ಮೇನಿಯಂ. ಮೆಂಡಲೀವ್ ತನ್ನ ಆವರ್ತಕೋಷ್ಟಕದಲ್ಲಿ ಖಾಲಿ ಮನೆ ಬಿಟ್ಟು 1871ರಲ್ಲೇ ಗುಣಗಳನ್ನು ಹೇಳಿಟ್ಟಿದ್ದ ಧಾತು ಇದೇ.

ನಮ್ಮ ದೇಶದಲ್ಲೂ ಇಂಥದೊಂದು ಗಳಿಗೆ ಬಂತು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಫುಲ್ಲಚಂದ್ರ ರೇ ಪಾದರಸಕ್ಕೆ ತಣ್ಣನೆಯ ದುರ್ಬಲ ನೈಟ್ರಿಕ್ ಆಮ್ಲ ಹಾಕಿ ಬೇರೇನೋ ತಯಾರಿಯಲ್ಲಿದ್ದರು. ತಳದಲ್ಲಿ ಹಳದಿ ಹರಳುಗಳು ಕಂಡವು. ಆ ಕಾಲದ ತಿಳಿವಳಿಕೆಯಂತೆ ಅದನ್ನು ಕ್ಷಾರೀಯ ಲವಣವೆಂದು ಬರೆದು ಮುಂದೆ ಹೋಗಬಹುದಿತ್ತು. ಆದರೆ ಅಷ್ಟು ಆಮ್ಲದ ನಡುವೆ ಕ್ಷಾರೀಯ ಲವಣ ಹೇಗೆ ಹುಟ್ಟೀತು? ಅವರು ಸರಳ ಪರೀಕ್ಷೆಗಳಿಗೆ ಒಡ್ಡಿದರು. ಹರಳಿನಲ್ಲಿ ಪಾದರಸವಿತ್ತು, ಜೊತೆಗೆ ನೈಟ್ರೈಟ್ ಇತ್ತು. ಎರಡೂ ಒಟ್ಟಿಗೆ ನಿಲ್ಲುತ್ತವೆಂದು ಯಾರೂ ಅಂದುಕೊಂಡಿರಲಿಲ್ಲ. 1896ರಲ್ಲಿ ಪ್ರಕಟವಾದ ಮರ್ಕ್ಯುರಸ್ ನೈಟ್ರೈಟಿನ ಈ ಶೋಧವೇ ರೇ ಅವರಿಗೆ ಹೆಸರು ತಂದಿತು.

ಸರಳ ಪರೀಕ್ಷೆ ನ್ಯಾಯಾಲಯದ ಮೆಟ್ಟಿಲು ಹತ್ತಿದ ಕತೆ ಇನ್ನೂ ಸ್ವಾರಸ್ಯ. 1830ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಬೋಡ್ಲ್ ಎಂಬುವನು ಅಜ್ಜನ ಕಾಫಿಗೆ ಪಾಷಾಣ ಬೆರೆಸಿದ ಆರೋಪ ಹೊತ್ತ. ವೂಲಿಚ್‌ನ ಶಸ್ತ್ರಾಗಾರದ ರಸಾಯನಜ್ಞ ಜೇಮ್ಸ್ ಮಾರ್ಷ್ ಪರೀಕ್ಷೆ ಮಾಡಿದ. ಹೈಡ್ರೋಜನ್ ಸಲ್ಫೈಡ್ ಹಾಯಿಸಿ ಹಳದಿ ಗಷ್ಟನ್ನೂ ಪಡೆದ. ಅದನ್ನು ಜ್ಯೂರಿಯ ಮುಂದಿಡುವ ಹೊತ್ತಿಗೆ ಬಣ್ಣ ಕೆಟ್ಟುಹೋಗಿತ್ತು. ಕಣ್ಣಿಗೆ ಕಾಣದ್ದನ್ನು ಜ್ಯೂರಿ ನಂಬಲಿಲ್ಲ, ಬೋಡ್ಲ್ ಬಿಡುಗಡೆಯಾದ. ಮುಂದೆ ತಾನೇ ಕೊಂದದ್ದೆಂದು ಒಪ್ಪಿಕೊಂಡ.

ಹೊಟ್ಟೆಕಿಚ್ಚಲ್ಲ, ಕೆಲಸದ ಕಿಚ್ಚು ಮಾರ್ಷ್‌ನನ್ನು ಸುಟ್ಟಿತು. 1836ರಲ್ಲಿ ಅವನು ಹೊಸ ಪರೀಕ್ಷೆ ಪ್ರಕಟಿಸಿದ. ಅನುಮಾನದ ವಸ್ತುವಿಗೆ ಸತು ಮತ್ತು ಆಮ್ಲ ಸೇರಿಸಿದರೆ ಹೈಡ್ರೋಜನ್ ಏಳುತ್ತದೆ. ಪಾಷಾಣವಿದ್ದರೆ ಅದರ ಜೊತೆ ಆರ್ಸೀನ್ ಅನಿಲವೂ ಏಳುತ್ತದೆ. ಸಣ್ಣ ನಳಿಕೆಯ ತುದಿಯಲ್ಲಿ ಅದಕ್ಕೆ ಬೆಂಕಿ ಕೊಟ್ಟು ಉರಿಗೆ ತಣ್ಣನೆಯ ಪಿಂಗಾಣಿ ಅಡ್ಡ ಹಿಡಿದರೆ ಕನ್ನಡಿಯಂತೆ ಹೊಳೆಯುವ ಕಪ್ಪು ಕಲೆ ಕೂರುತ್ತದೆ. ಜೋಪಾನ ಮಾಡಿದರೆ ಜ್ಯೂರಿಗೆ ತೋರಿಸುವವರೆಗೂ ಉಳಿಯುತ್ತದೆ.

ಪರೀಕ್ಷೆಯೇನೋ ಬಲು ಸೂಕ್ಷ್ಮ. ಆ ಸೂಕ್ಷ್ಮತೆಯೇ ತೊಡಕಾಯಿತು. ಪರೀಕ್ಷೆಗೆ ಬಳಸಿದ ಸತುವಿನಲ್ಲೇ ಆರ್ಸೆನಿಕ್ಕಿನ ಕಲ್ಮಶವಿದ್ದರೆ? ಹೆಣ ಹೂತ ಮಣ್ಣಿನಲ್ಲೇ ಇದ್ದರೆ? 1840ರಲ್ಲಿ ಫ್ರಾನ್ಸಿನ ಟ್ಯೂಲ್ ಪಟ್ಟಣದಲ್ಲಿ ಗಂಡನಿಗೆ ವಿಷವಿಕ್ಕಿದ ಆರೋಪದ ಮೇಲೆ ಮರಿ ಲಾಫಾರ್ಜ್ ವಿಚಾರಣೆ ನಡೆದಾಗ ಊರಿನ ತಜ್ಞರು ಒಮ್ಮೆ ಇದೆ ಎಂದರು, ಒಮ್ಮೆ ಇಲ್ಲ ಎಂದರು. ಪ್ಯಾರಿಸ್ಸಿನಿಂದ ಬಂದ ಮಾಥ್ಯೂ ಓರ್ಫಿಲಾ ಹೆಣದ ಭಾಗಗಳ ಜೊತೆಗೆ ತನ್ನ ರಾಸಾಯನಿಕಗಳನ್ನೂ ಸ್ಮಶಾನದ ಮಣ್ಣನ್ನೂ ಪರೀಕ್ಷಿಸಿ, ವಿಷ ಹೆಣದೊಳಗೇ ಇದೆ ಎಂದು ಹೇಳಿದ. ಆಕೆಗೆ ಜೀವಾವಧಿ ಶಿಕ್ಷೆಯಾಯಿತು. ಇನ್ನೊಂದು ಮೋಸಗಾರ ಆಂಟಿಮನಿ. ಅದೂ ಇಂಥದೇ ಕಪ್ಪು ಕಲೆ ಕೊಡುತ್ತದೆ. ಸೋಡಿಯಂ ಹೈಪೊಕ್ಲೋರೈಟ್, ಅಂದರೆ ಬಟ್ಟೆ ಬಿಳುಪು ಮಾಡುವ ದ್ರವ, ಒಂದು ತೊಟ್ಟು ಬಿಟ್ಟರೆ ಆರ್ಸೆನಿಕ್ಕಿನ ಕಲೆ ಕರಗುತ್ತದೆ, ಆಂಟಿಮನಿಯದು ಕರಗದು. ಪಶ್ಚಿಮ ಬಂಗಾಳ, ಬಾಂಗ್ಲಾದೇಶಗಳ ಕೊಳವೆಬಾವಿಗಳ ನೀರನ್ನು ಊರೂರಿನಲ್ಲಿ ಪರೀಕ್ಷಿಸುವ ಕಿಟ್‌ಗಳು ಮಾರ್ಷ್ ವಿಧಾನದ ಮೊಮ್ಮಕ್ಕಳು. ಏಳುವ ಅನಿಲ ಅಲ್ಲಿ ಪಿಂಗಾಣಿಯ ಬದಲು ಮರ್ಕ್ಯುರಿಕ್ ಬ್ರೋಮೈಡ್ ಸವರಿದ ಕಾಗದವನ್ನು ಹಳದಿ, ಕಂದು ಮಾಡುತ್ತದೆ.

ಒಂದು ಬಣ್ಣ ಕಂಡ ಮಾತ್ರಕ್ಕೆ ತೀರ್ಪು ಕೊಡಬಾರದೆಂದು 180 ವರ್ಷದ ಹಿಂದೆಯೇ ಗೊತ್ತಿತ್ತು. ಆದರೂ 2015ರ ಡಿಸೆಂಬರಿನಲ್ಲಿ ಅಮೆರಿಕದ ಒರ್ಲ್ಯಾಂಡೊ ನಗರದ ಪೊಲೀಸರು ಹಿರಿಯ ನಾಗರಿಕರೊಬ್ಬರ ಕಾರಿನೊಳಗೆ ಬಿಳಿ ಚೂರುಗಳನ್ನು ಕಂಡು, ಜೇಬಿನ ಕಿಟ್‌ನಲ್ಲಿ ಪರೀಕ್ಷಿಸಿ, ಬಣ್ಣ ಬಂತೆಂದು ಮಾದಕ ವಸ್ತುವಿನ ಆರೋಪ ಹೊರಿಸಿ ಜೈಲಿಗೆ ಕಳಿಸಿದರು. ಅದು ಡೋನಟ್ ಮೇಲಿನ ಸಕ್ಕರೆ ಪಾಕ ಉದುರಿದ್ದೆಂದು ಆತ ಅಲ್ಲೇ ಹೇಳಿದ್ದರು. ರಾಜ್ಯದ ಪ್ರಯೋಗಾಲಯ ಪರೀಕ್ಷಿಸಿ ಮಾದಕ ವಸ್ತು ಇಲ್ಲವೆಂದಿತು, ಮೊಕದ್ದಮೆ ಬಿದ್ದುಹೋಯಿತು, ನಗರಾಡಳಿತ 37,500 ಡಾಲರ್ ಪರಿಹಾರ ಕೊಟ್ಟಿತು. ಕಿಟ್ ಸುಳ್ಳು ಹೇಳಿತೆನ್ನುವುದು ಪೂರ್ತಿ ಸರಿಯಲ್ಲ. ಅಂಥ ಕಿಟ್ ಹೇಳುವುದು ‘ಇರಬಹುದು’ ಎಂದಷ್ಟೇ. ‘ಇದೆ’ ಎಂದು ಓದಿಕೊಂಡವರು ಪೊಲೀಸರು.

ನಮ್ಮ ಕಾಲೇಜುಗಳಲ್ಲಿ ಈ ವ್ಯತ್ಯಾಸವನ್ನು ಕಲಿಸುವ ಒಳ್ಳೆಯ ಅವಕಾಶ ಕೈತಪ್ಪುತ್ತಿದೆ. ಪ್ರಾಯೋಗಿಕ ಪರೀಕ್ಷೆಗೆ ಬರುವ ಉಪ್ಪುಗಳು ಬೆರಳೆಣಿಕೆಯವು. ಮರಳಿನಂತಿದ್ದರೆ ಇಂಥದ್ದು, ಉದ್ದ ಹರಳಾದರೆ ಇಂಥದ್ದು ಎಂದು ಸೀನಿಯರ್‌ಗಳಿಂದ ಗುರುತು ಕಲಿತ ಹುಡುಗರು ಮೊದಲು ಉತ್ತರ ಬರೆದುಕೊಂಡು, ಆಮೇಲೆ ಅದಕ್ಕೆ ಹೊಂದುವ ಪರೀಕ್ಷೆಗಳನ್ನು ಜರ್ನಲಿನಿಂದ ಇಳಿಸುತ್ತಾರೆ. ಪೂರ್ಣ ಅಂಕ ಸಿಗುತ್ತದೆ. ಪ್ರಾಮಾಣಿಕವಾಗಿ ‘ಉಂಗುರ ಕಾಣಲಿಲ್ಲ’ ಎಂದು ಬರೆದವರಿಗೆ ಅಂಕ ಹೋಗುತ್ತದೆ. ಮಾರ್ಷ್ ಆ ಪರೀಕ್ಷೆಗೆ ಕೂತಿದ್ದರೆ ಖಂಡಿತ ಫೇಲಾಗುತ್ತಿದ್ದ.

ದೊಡ್ಡ ಪ್ರಯೋಗಾಲಯಗಳಲ್ಲಿ ಈಗ ಯಂತ್ರಗಳ ಕಾಲ. ಚಿನ್ನದಂಗಡಿಯಲ್ಲೂ ಎಕ್ಸ್-ರೇ ಯಂತ್ರ ಅರೆ ನಿಮಿಷದಲ್ಲಿ ಕ್ಯಾರೆಟ್ ಹೇಳುತ್ತದೆ, ಆದರೂ ಅಕ್ಕಸಾಲಿಗರು ಒರೆಗಲ್ಲನ್ನು ಬಿಸಾಕಿಲ್ಲ. ಉಳಿದವರಿಗೆ ಅಡುಗೆಮನೆಯಲ್ಲೇ ಒಂದಿಷ್ಟು ಸಾಧ್ಯ. ಲೋಟ ನೀರಿಗೆ ಒಂದು ಚಮಚ ಅರಿಸಿನ ಹಾಕಿ ಕಲಕದೆ ಬಿಟ್ಟರೆ ಶುದ್ಧ ಅರಿಸಿನ ತಳ ಸೇರಿ ನೀರು ತಿಳಿ ಹಳದಿಯಾಗಿ ಉಳಿಯುತ್ತದೆ. ಬಣ್ಣ ಬೆರೆಸಿದ್ದರೆ ನೀರೇ ಕಡು ಹಳದಿ. ಮೆಟಾನಿಲ್ ಯೆಲ್ಲೋ ಎಂಬ ಬಣ್ಣ ಹಿಡಿಯಲು ಹೈಡ್ರೋಕ್ಲೋರಿಕ್ ಆಮ್ಲ ಬೇಕು, ಅದನ್ನು ಮನೆಯಲ್ಲಿ ಮಾಡುವುದು ಬೇಡ. ಆ ಪರೀಕ್ಷೆಯಲ್ಲೂ ಒಂದು ತಿರುವಿದೆ: ಗಾಢ ಆಮ್ಲಕ್ಕೆ ಒಳ್ಳೆಯ ಅರಿಸಿನವೂ ಒಮ್ಮೆ ಗುಲಾಬಿಯಾಗಬಹುದು. ನೀರು ಬೆರೆಸಿದ ಮೇಲೂ ಗುಲಾಬಿ ಹೋಗದಿದ್ದರಷ್ಟೇ ಕಲಬೆರಕೆ.

ಲೋಟದ ನೀರು ಕಡು ಹಳದಿಯಾದರೆ ಅಂಗಡಿಯವರ ಮೇಲೆ ಹರಿಹಾಯುವ ಮುನ್ನ ಇನ್ನೊಂದು ದಾರಿಯಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಮಿನ ಪ್ರಕಾರ ಯಾವ ಗ್ರಾಹಕರೇ ಆಗಲಿ, ಶುಲ್ಕ ಕಟ್ಟಿ ತಾವು ಕೊಂಡ ಪದಾರ್ಥವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಕೊಳ್ಳುವಾಗಲೇ ‘ಇದನ್ನು ಪರೀಕ್ಷೆಗೆ ಕೊಡುತ್ತೇನೆ’ ಎಂದು ಅಂಗಡಿಯವರಿಗೆ ತಿಳಿಸಿರಬೇಕು. ವರದಿಯಲ್ಲಿ ದೋಷ ಕಂಡುಬಂದರೆ ಕಟ್ಟಿದ ಶುಲ್ಕ ವಾಪಸು ಸಿಗುತ್ತದೆ.